ಎರಡು ಸ್ವೆಟರ್, ಒಂದು ದಮ್ಮಿನ ಪಂಪು

ಮೇ 19, ಸೋಮವಾರ, ಮಧ್ಯಾಹ್ನ 2.40. ಬಜಾರದ ಹೊಲಿಗೆ ಅಂಗಡಿಯಿಂದ ತನ್ನ ಬ್ಯಾಗು ಕಳವಾಗಿದೆ ಎಂದು ಭಾಗ್ಯಜ್ಯೋತಿ, ವಯಸ್ಸು 26, ಆಳಂದ ಠಾಣೆಗೆ ಬಂದು ದೂರು ಕೊಟ್ಟಳು. ಮಟಕಿಯ ಜಮೀನ್ದಾರ ಶಾಂತಲಿಂಗಪ್ಪನ ಮಗಳು. ಅಂಗಡಿಯನ್ನು ಗೆಳತಿ ಫರಹತಳ ಜೊತೆ ನಡೆಸುತ್ತಿದ್ದಳು. ಇನ್ಸ್‌ಪೆಕ್ಟರ್ ಬಸವೇಶ್ವರಿ ದೂರು ಓದಿದರು. ಹೆಡ್ ಕಾನ್‌ಸ್ಟೇಬಲ್ ಖಾದರಸಾಬ ಎಫ್‌ಐಆರ್‌ಗೆ ಸಾಮಾನಿನ ಪಟ್ಟಿ ಬರೆಯತೊಡಗಿದರು.

“ಎರಡು ಸ್ವೆಟರ್. ಒಂದು ಹೆಂಗಸರದು, ಒಂದು ಗಂಡಸರದು. ಉಣ್ಣಿ ಟೊಪ್ಪಿಗಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಒಂದು ಗಂಟು.”

ಖಾದರಸಾಬರ ಪೆನ್ನು ನಿಂತಿತು. “ಹೊರಗ ನಲವತ್ಮೂರು ಡಿಗ್ರಿ ಬಿಸಿಲು ಅದ ತಂಗಿ. ಈ ಉರಿಯಾಗ ಚಳಿಗಾಲದ ಸಜ್ಜಿ ರೊಟ್ಟಿ ಯಾರು ಬಡೀತಾರ? ಗಂಡಸರ ಸ್ವೆಟರ್ ಯಾರದು?”

“ನನ್ನ ತಮ್ಮಂದ್ರಿ.”

“ತಮ್ಮ ಎಲ್ಲಿ ಅದಾನ?”

“ನನಗ ತಮ್ಮ ಇಲ್ರಿ.”

ಬಸವೇಶ್ವರಿ ನಗಲಿಲ್ಲ. ಎದ್ದು ಹೋಗಿ ಬಾಗಿಲು ಮುಚ್ಚಿದರು. “ಕಾಗದಪತ್ರ ಏನಿದ್ದುವು?”

“ಇಬ್ಬರ ಆಧಾರ, ಮಾರ್ಕ್ಸ್ ಕಾರ್ಡು. ನಾಳೆ ಕಲಬುರಗಿಯಿಂದ ದಿಲ್ಲಿ ಗಾಡಿ, ಮುಂದ ಬಸ್ಸಿಗೆ ಮನಾಲಿ. ಅವು ಸಿಗಲಿಲ್ಲಂದ್ರ ಲಗ್ನ ಆಗಂಗಿಲ್ರಿ.”

“ಲಗ್ನಕ್ಕ ಅಷ್ಟು ದೂರದ ಗುಡ್ಡ ಯಾಕ?”

“ಇಲ್ಲಿ ಲಗ್ನದ ನೋಟೀಸು ಕೊಟ್ರ ಇಬ್ಬರ ಹೆಸರೂ ಮೂವತ್ತು ದಿನ ರಿಜಿಸ್ಟ್ರಾರ ಆಫೀಸಿನ ಗ್ವಾಡಿ ಮ್ಯಾಲ ಹಚ್ತಾರ್ರಿ. ಓದಿದವರು ಮರುದಿನ ಮನಿಗೇ ಬರ್ತಾರ. ಅಲ್ಲೇ ಒಂದು ತಿಂಗಳು ಇದ್ದು ಕೊಟ್ರ ನಮ್ಮ ಹೆಸರು ಯಾರಿಗೆ ಗುರ್ತು?”

ಮದುವೆಗೆಂದು ಕಾನೂನು ಇಟ್ಟ ಮೂವತ್ತು ದಿನ, ಹೊಡೆಯಲು ಬರುವವರಿಗೂ ಸಿಕ್ಕ ಮೂವತ್ತು ದಿನ. ಠಾಣೆಯಲ್ಲಿ ಇದು ಎಲ್ಲರಿಗೂ ಗೊತ್ತು, ಬರೆದಿಡುವವರಿಲ್ಲ. ಹುಡುಗನ ಹೆಸರನ್ನು ಆಕೆ ಹೇಳಲಿಲ್ಲ.

3.30ಕ್ಕೆ ಅಂಗಡಿಯಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಮೇಜಿನ ಕೆಳಗೆ ಬ್ಯಾಗಿದ್ದ ಜಾಗ ಖಾಲಿ. ಹೊಲಿಗೆ ಯಂತ್ರದ ಮೇಲೆ ಒಂದು ದಮ್ಮಿನ ಪಂಪು, ಉಸಿರು ಕಟ್ಟಿದಾಗ ಬಾಯಿಗೆ ಹಿಡಿಯುವ ಇನ್ಹೇಲರ್.

“ನಂದೇ ಅದು,” ಎಂದಳು ಭಾಗ್ಯಜ್ಯೋತಿ. “ಸ್ವೆಟರಿನಾಗ ಸುತ್ತಿ ಬ್ಯಾಗಿನ ತಳಕ್ಕ ಇಟ್ಟಿದ್ದೆ.”

ಕಳ್ಳ ಬ್ಯಾಗನ್ನು ತಳದವರೆಗೆ ಬಿಚ್ಚಿ, ಪಂಪನ್ನಷ್ಟೇ ತೆಗೆದಿಟ್ಟು, ಮತ್ತೆ ಕಟ್ಟಿಕೊಂಡು ಹೋಗಿದ್ದ. ಈಕೆಗೆ ಉಸಿರು ಕಟ್ಟುತ್ತದೆಂದು ಬಲ್ಲವನು.

“ಕೀಲಿ ಯಾರ್ಯಾರ ಹತ್ರ ಅದಾವ?” ಬಸವೇಶ್ವರಿ ಕೇಳಿದರು.

ಫರಹತ ತಲೆ ತಗ್ಗಿಸಿದಳು. “ನಮ್ಮಿಬ್ಬರ ಹತ್ರ. ಇನ್ನೊಂದು ಮಶಿನ್ ರಿಪೇರಿ ಮಾಡೋ ಶಾಹಿದನ ಹತ್ರ, ಮೇಡಂ.”

“ಅಂವ ಅಲ್ರಿ!” ಭಾಗ್ಯಜ್ಯೋತಿ ಕೂಗಿದಳು. “ಯಾರರೆ ಆಗಲಿ, ಅಂವ ಅಲ್ಲ.”

ಗಂಡಸರ ಸ್ವೆಟರ್ ಯಾರದೆಂದು ಇನ್ನು ಕೇಳಬೇಕಿರಲಿಲ್ಲ.

5.15ಕ್ಕೆ ಖಜೂರಿ ಹಳ್ಳಿಯ ಶಾಹಿದನ ರಿಪೇರಿ ಕೋಣೆಯಲ್ಲಿ ಬ್ಯಾಗು ಸಿಕ್ಕಿತು. ಒಂದು ಸಾಮಾನೂ ಕಡಿಮೆಯಿರಲಿಲ್ಲ. ಅವನು ಓಡಲಿಲ್ಲ.

“ನಿನ್ನ ಸ್ವೆಟರ್ ನೀನ ಕದ್ದಿಯೇನಲೇ?” ಠಾಣೆಯಲ್ಲಿ ಖಾದರಸಾಬ ಕೇಳಿದರು.

“ಹೌದ್ರಿ. ಗಾಡಿ ತಪ್ಪಲಿ ಅಂತ.”

“ಆಕಿ ಬ್ಯಾಡಾಗ್ಯಾಳ?”

“ಇಲ್ರಿ!” ಶಾಹಿದ ಹೇಳಿದ: “ಹೋದ ತಿಂಗಳು ನಾಲ್ಕು ಮಂದಿ ಅಬ್ಬಾನ ಚಹಾದಂಗಡಿಗೆ ಬಂದಿದ್ರು. ‘ಚಾಚಾ, ಮಗ ಆಳಂದಕ್ಕ ಭಾಳ ಹೋಗ್ತಾನಲ್ಲ’ ಅಂದ್ರು, ನಗಕೋತ. ಅಷ್ಟ. ನಾವು ಗುಡ್ಡದಾಗ ಇರ್ತೇವಿ, ಅಬ್ಬಾ ಇಲ್ಲೇ ಇರ್ತಾರ್ರಿ.”

ಬೆಂಚಿನ ಮೇಲಿದ್ದ ಭಾಗ್ಯಜ್ಯೋತಿ ಎದ್ದಳು. “ಅಂಜಿಕಿ ಬರಾಕತ್ತೇತಿ ಅಂತ ನನಗ ಹೇಳಾಕ ಏನಾಗಿತ್ತಲೇ? ನನಗ ಅಂಜಿಕಿ ಇಲ್ಲಂತ ತಿಳದೀಯೇನು?”

“ನೀ ರೊಟ್ಟಿ ಕಟ್ಟಾಕತ್ತಿದ್ದಿ. ನಗಾಕತ್ತಿದ್ದಿ. ಹೆಂಗ ಹೇಳ್ಲಿ?”

ಆಕೆ ಬಸವೇಶ್ವರಿಯವರತ್ತ ತಿರುಗಿದಳು. “ಕೇಸು ಬ್ಯಾಡ್ರಿ ಮೇಡಂ.”

“ಎಫ್‌ಐಆರ್ ಆಗೇದವಾ. ನಾಳೆ ಕೋರ್ಟಿಗೆ ಹಾಜರು ಮಾಡಬೇಕು. ಗಾಡಿ ಹೋಗ್ತದ.”

6.50ಕ್ಕೆ ಬಂಧನ. ‘ಕೃತ್ಯಕ್ಕೆ ಕಾರಣ: ಅಂಜಿಕೆ’ ಎಂದು ಬಸವೇಶ್ವರಿ ಬರೆದರು. ಅಂಜಿಸಿದ ನಾಲ್ವರಿಗೆ ಆ ನಮೂನೆಯಲ್ಲಿ ಜಾಗವಿರಲಿಲ್ಲ. ಬಸವೇಶ್ವರಿ ಬೇರೊಂದು ಹಾಳೆ ತೆಗೆದುಕೊಂಡು ಶಾಹಿದನಿಗೆ ಅವರ ಹೆಸರು ಕೇಳಿದರು. ಅವನು ಎರಡು ಹೇಳಿದ.

“ಅರೆಸ್ಟಿನ ಸುದ್ದಿ ಯಾರಿಗೆ ಮುಟ್ಟಿಸಬೇಕು?” ಖಾದರಸಾಬ ಕೇಳಿದರು. “ನಿಮ್ಮಪ್ಪಗ?”

“ಅಬ್ಬಾಗ ಬ್ಯಾಡ್ರಿ.”

“ಮನಿಯವರು ಯಾರರೆ ಬೇಕಲೇ, ಕಾಯ್ದೆ ಅದ.”

“ನನ್ನ ಹೆಸರು ಬರಕೊಳ್ರಿ,” ಎಂದಳು ಭಾಗ್ಯಜ್ಯೋತಿ.

“ನೀ ಫಿರ್ಯಾದಿ ತಂಗಿ! ಸಂಬಂಧ ಏನಂತ ಬರೀಲಿ?”

“ಮನಿಯಾಕಿ ಅಂತ ಬರೀರಿ.”

ಖಾದರಸಾಬ ಇನ್ಸ್‌ಪೆಕ್ಟರರ ಮುಖ ನೋಡಿದರು. ಬಸವೇಶ್ವರಿ ತಲೆಯೆತ್ತದೆ ಹೇಳಿದರು: “ಬರೀರಿ.”