ಮುತ್ತಜ್ಜಿ ಕೂಡಿಸಿದ ಲೋಕದ ವಯಸ್ಸು

"ಆರು ಸಾವಿರದ ಏಳು ವರ್ಷ, ಮಿಸ್," ಎಂದಳು ಪಿಟೀಲು.

ಬೋರ್ಡಿನ ಮೇಲೆ ಬರೆಯುತ್ತಿದ್ದ ವಿಜ್ಞಾನದ ಮಿಸ್ ತಿರುಗಿ ನೋಡಿದರು. "ಏನಂದೆ?"

"ಭೂಮಿ ವಯಸ್ಸು ಕೇಳಿದ್ರಲ್ಲ ಮಿಸ್. ಆರು ಸಾವಿರದ ಏಳು. ಗುರುವಾರ ಬಂದ್ರೆ ಎಂಟಾಗುತ್ತೆ."

ಮೊದಲು ಕಿಟಕಿ ಪಕ್ಕದ ಬೆಂಚು ನಕ್ಕಿತು. ಆಮೇಲೆ ಇಡೀ ಕ್ಲಾಸು ನಕ್ಕಿತು. ಹಿಂದಿನ ಬೆಂಚಿನ ಉದ್ದನೆಯ ಹುಡುಗ ಎದ್ದು ನಿಂತು, ಬಹಳ ಗಂಭೀರವಾಗಿ ಕೇಳಿದ, "ಮಿಸ್, ಗುರುವಾರ ಭೂಮಿಗೆ ಬರ್ತ್‌ಡೇ ಅಂತೆ. ಚಾಕೊಲೇಟ್ ಯಾರು ಹಂಚ್ತಾರೆ?"

ಮಿಸ್ ಕೆಟ್ಟವರಲ್ಲ. ಅವರಿಗೂ ನಗು ಬಂದಿತ್ತು, ಆದರೆ ತುಟಿ ಕಚ್ಚಿ ತಡೆದುಕೊಂಡರು. ಬೋರ್ಡಿನ ಮೇಲೆ ನಾನೂರ ಐವತ್ತು ಎಂದು ಬರೆದು, ಅದರ ಮುಂದೆ ಒಂದೊಂದಾಗಿ ಏಳು ಸೊನ್ನೆ ಸುತ್ತಿದರು. "ಸುಮಾರು ನಾನೂರ ಐವತ್ತು ಕೋಟಿ ವರ್ಷ. ಹಳೇ ಕಲ್ಲುಗಳನ್ನ ಪರೀಕ್ಷೆ ಮಾಡಿ ಕಂಡುಹಿಡಿದಿದ್ದಾರೆ. ನಿಂಗೆ ಆ ನಂಬರ್ ಯಾರು ಹೇಳಿದ್ದು ಪುಟ್ಟಾ?"

"ನಮ್ಮ ತಾತ."

ಕ್ಲಾಸಿಗೆ ಇನ್ನೊಂದು ಸಲ ನಗಲು ಅಷ್ಟು ಸಾಕಾಯಿತು.

ಪಿಟೀಲು ಎನ್ನುವುದು ಮನೆಯವರು ಇಟ್ಟ ಹೆಸರು. ಎಳೆಮಗುವಾಗಿದ್ದಾಗ ಅವಳು ಒಂದೇ ರಾಗದಲ್ಲಿ ಅಳುತ್ತಿದ್ದಳಂತೆ, ಅದಕ್ಕೆ. ಆ ಹೆಸರು ಶಾಲೆಗೂ ಬಂದಿತ್ತು. ಈಗ ಅದೂ ಹೋಯಿತು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಅವಳು 'ಆರ್ಸಾವ್ರ' ಆಗಿಬಿಟ್ಟಿದ್ದಳು. "ಆರ್ಸಾವ್ರ, ಸ್ವಲ್ಪ ಜರುಗೇ." "ಆರ್ಸಾವ್ರ, ನಿನ್ ರಬ್ಬರ್ ಕೊಡೇ." ಅವಳ ಪಕ್ಕದಲ್ಲಿ ಕೂರುವ ಗೆಳತಿಯೂ ಹಾಗೇ ಕರೆದಳು. ಪಿಟೀಲುಗೆ ತಡೆಯಲಾರದಷ್ಟು ಅವಮಾನವಾಯಿತು.

ಇದೆಲ್ಲ ಬೀದಿಬೀದಿಯಲ್ಲಿ ಬೈಂಡಿಂಗ್ ಅಂಗಡಿ ಇದ್ದ ಕಾಲದ ಮಾತು. ಈಗ ಪುಸ್ತಕ ಹರಿದರೆ ಮೂಲೆಗೆ ಎಸೆದು ಹೊಸದು ಕೊಡಿಸಿ ಎನ್ನುತ್ತೀರಿ. ಆಗ ಹರಿದ ಪುಸ್ತಕಕ್ಕೂ ಡಾಕ್ಟರಿದ್ದರು. ಪಿಟೀಲುವಿನ ತಾತ ಅಂಥವರಲ್ಲಿ ಒಬ್ಬರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಕಾಲಿಟ್ಟರೆ ಬೇಯಿಸಿದ ಅಂಟಿನ ವಾಸನೆ. ಗೋಡೆಗೆ ಒರಗಿಸಿದ ರಟ್ಟುಗಳು. ಮೇಜಿನ ಮೇಲೆ ದಬ್ಬಣ, ದಾರ, ಮೇಣದ ಉಂಡೆ. ಹಾಳೆಗಳನ್ನು ಹೊಲಿಯುವ ಮೊದಲು ತಾತ ದಾರವನ್ನು ಮೇಣದ ಮೇಲೆ ಸರ್ರನೆ ಎಳೆಯುತ್ತಿದ್ದರು. ಆ ಸದ್ದು ಕೇಳುತ್ತ ಹೋಂವರ್ಕ್ ಮಾಡುವುದೆಂದರೆ ಪಿಟೀಲುಗೆ ಬಲು ಇಷ್ಟವಾಗಿತ್ತು.

ಆ ಮೇಜಿನ ಡ್ರಾಯರಿನಲ್ಲಿ ಮನೆಯ ದೊಡ್ಡ ಬೈಬಲ್ ಇರುತ್ತಿತ್ತು. ಅದರ ಕೊನೆಯಲ್ಲಿ ಕೆಲವು ಖಾಲಿ ಹಾಳೆಗಳು. ಪ್ರತಿ ವರ್ಷ ಪಿಟೀಲುವಿನ ಹುಟ್ಟುಹಬ್ಬದಂದು ತಾತ ಆ ಹಾಳೆಯಲ್ಲಿ ಒಂದು ಸಾಲು ಬರೆಯುತ್ತಿದ್ದರು. ಅವಳಿಗೆ ಎಷ್ಟು ತುಂಬಿತು, ಲೋಕಕ್ಕೆ ಎಷ್ಟು ತುಂಬಿತು. ಬರೆಯುವ ಮುಂಚೆ ಪ್ರತಿ ಸಲವೂ ಕೇಳುತ್ತಿದ್ದರು, "ಪಿಟೀಲು, ನಿಂಗೆಷ್ಟು? ಲೋಕಕ್ಕೆಷ್ಟು?" ಅವಳು ಎರಡನ್ನೂ ಹೇಳಬೇಕು. ಹೋದ ವರ್ಷ ಒಂಬತ್ತು ಮತ್ತು ಆರು ಸಾವಿರದ ಏಳು ಎಂದಿದ್ದಳು. ಈ ಗುರುವಾರ ಅವಳಿಗೆ ಹತ್ತು ತುಂಬಲಿತ್ತು. ಈ ಲೆಕ್ಕ ಶುರು ಮಾಡಿದ್ದು ತಾತನ ಅಮ್ಮ, ಅಂದರೆ ಮುತ್ತಜ್ಜಿ.

ಆ ಸೋಮವಾರ ಪಿಟೀಲು ಬ್ಯಾಗನ್ನು ಧೊಪ್ಪನೆ ಎಸೆದಳು.

"ಏನಮ್ಮಾ, ಇವತ್ತು ಶ್ರುತಿ ಏರಿದೆ," ಎಂದರು ತಾತ, ಸೂಜಿಗೆ ದಾರ ಪೋಣಿಸುತ್ತ.

"ತಾತ, ಗುರುವಾರ ನೀನು ಬೈಬಲ್‌ನಲ್ಲಿ ಏನೂ ಬರೀಬೇಡ."

"ಯಾಕೆ?"

"ಯಾಕಂದ್ರೆ ಅದೆಲ್ಲ ಸುಳ್ಳು. ಭೂಮಿಗೆ ನಾನೂರ ಐವತ್ತು ಕೋಟಿ ವರ್ಷ. ನಿನ್ನಿಂದ ಇಡೀ ಕ್ಲಾಸ್ ನನ್ನ ನೋಡಿ ನಕ್ಕಿತು. ನನ್ನ ಹೆಸರು ಅದರಲ್ಲಿ ಬೇಡ."

ತಾತನ ಕೈ ನಿಂತಿತು. ಅವರು ಬೈಯಲಿಲ್ಲ, ವಾದ ಮಾಡಲಿಲ್ಲ. "ಸರಿ ಬಿಡಮ್ಮ," ಎಂದು ಮತ್ತೆ ಹೊಲಿಯತೊಡಗಿದರು. ಆ ರಾತ್ರಿ ಅವರು ಅರ್ಧ ಊಟಕ್ಕೇ ಎದ್ದರು ಎಂದು ಅಮ್ಮ ಅಡುಗೆಮನೆಯಲ್ಲಿ ಹೇಳಿದಾಗ, ಪಿಟೀಲು ಕೇಳಿಸದವಳಂತೆ ಪುಸ್ತಕ ತೆಗೆದಳು.

ಸಿಟ್ಟು ಬಂದರೆ ಅವಳದು ಉಡದ ಪಟ್ಟು. ಬುಧವಾರ ಶಾಲೆಯಿಂದ ಬಂದಾಗ ತಾತ ಲೈಬ್ರರಿಗೆ ಪುಸ್ತಕ ಕೊಡಲು ಹೋಗಿದ್ದರು. ಅವಳು ಡ್ರಾಯರ್ ಎಳೆದು ಬೈಬಲ್ ಹೊರಗೆ ತೆಗೆದಳು. ಆ ಲೆಕ್ಕ ಎಲ್ಲಿಂದ ಬಂತೆಂದು ನೋಡಿಯೇಬಿಡಬೇಕಿತ್ತು.

ಖಾಲಿ ಹಾಳೆಗಳ ಪೈಕಿ ಮೊದಲನೆಯದರಲ್ಲಿ ಮುತ್ತಜ್ಜಿಯ ಅಕ್ಷರವಿತ್ತು. ದಪ್ಪ ದಪ್ಪ ಅಂಕಿಗಳು, ಒಂದರ ಕೆಳಗೊಂದು. ಬೈಬಲ್ ಹೇಳುವ ಮೊದಲ ಮನುಷ್ಯ ಆದಾಮನಿಗೆ ಮಗ ಹುಟ್ಟಿದಾಗ ನೂರ ಮೂವತ್ತು ವರ್ಷ. ಆ ಮಗನಿಗೆ ಮಗ ಹುಟ್ಟಿದಾಗ ನೂರ ಐದು. ಅವನ ಮಗನಿಗೆ ತೊಂಬತ್ತು. ಹೀಗೆ ಮಗ, ಮೊಮ್ಮಗ, ಮರಿಮಗ ಎಂದು ಇಳಿಯುತ್ತ ಬಂದು, ಕೊನೆಗೆ ಜಲಪ್ರಳಯ ಬಂದಾಗ ನೋಹನಿಗೆ ಆರು ನೂರು. ಲೋಕ ಹುಟ್ಟಿದ ವಾರವೇ ಆದಾಮನೂ ಹುಟ್ಟಿದ್ದರಿಂದ ಇವನ್ನೆಲ್ಲ ಕೂಡಿಸಿದರೆ ಪ್ರಳಯದವರೆಗಿನ ವರ್ಷಗಳು ಸಿಗುತ್ತವೆ. ಮುತ್ತಜ್ಜಿ ಕೂಡಿಸಿ ಬರೆದಿದ್ದಳು: 1636. ಅದರ ಕೆಳಗೆ ಮುಂದಿನ ಲೆಕ್ಕಗಳು.

ಗಣಿತದಲ್ಲಿ ಪಿಟೀಲು ಕ್ಲಾಸಿಗೇ ಮೊದಲು. ಹಳೇ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಅವಳೂ ಕೂಡಿಸಿದಳು. 1656 ಬಂತು. ಮತ್ತೆ ಕೂಡಿಸಿದಳು. ಅಷ್ಟೇ ಬಂತು. ಬಿಡಿ ಸ್ಥಾನದಲ್ಲಿ ಇಪ್ಪತ್ತಾರು ಬಂದಿತ್ತು. ಮುತ್ತಜ್ಜಿ ಆರು ಬರೆದು, ಹತ್ತರ ಎರಡನ್ನು ಪಕ್ಕದ ಸಾಲಿಗೆ ಸೇರಿಸುವುದನ್ನು ಮರೆತಿದ್ದಳು. ಸಾವಿರ ವರ್ಷಗಳ ಲೆಕ್ಕದಲ್ಲಿ ಇಪ್ಪತ್ತು ವರ್ಷ ನಾಪತ್ತೆ.

ಪಿಟೀಲುಗೆ ಸ್ವರ್ಗಕ್ಕೆ ಮೂರೇ ಗೇಣು. ನಾನೂರ ಐವತ್ತು ಕೋಟಿಯ ಮಾತು ಆಮೇಲಿರಲಿ, ಲೆಕ್ಕವೇ ತಪ್ಪು. ಅವಳು ಹಾಳೆ ಮಡಿಸಿ ಕೈಯಲ್ಲಿ ಹಿಡಿದು ಕಾದಳು.

ತಾತ ಬಂದರು. ಜೊತೆಗೆ ಚರ್ಚಿನ ಪಾಸ್ಟರೂ ಬಂದರು, ಹಾಡಿನ ಪುಸ್ತಕಗಳನ್ನು ತೆಗೆದುಕೊಂಡು ಹೋಗಲು. ಇನ್ನೂ ನಾಲ್ಕು ಪುಸ್ತಕಗಳ ಬೆನ್ನಿಗೆ ಹಚ್ಚಿದ ಅಂಟು ಒಣಗಿರಲಿಲ್ಲ. ಪಾಸ್ಟರ್ ಸ್ಟೂಲ್ ಎಳೆದುಕೊಂಡು ಕೂತರು.

"ಪಾಸ್ಟರ್, ಲೋಕಕ್ಕೆ ಎಷ್ಟು ವರ್ಷ?" ಎಂದು ಪಿಟೀಲು ನೇರವಾಗಿ ಕೇಳಿದಳು.

"ಒಳ್ಳೇ ಪ್ರಶ್ನೆ ಕೇಳಿ ಸಿಕ್ಕಿಸಿಬಿಟ್ಟೆಯಲ್ಲ," ಎಂದು ಅವರು ನಕ್ಕರು. "ನಮ್ಮಲ್ಲೇ ಒಬ್ಬೊಬ್ರು ಒಂದೊಂದು ಥರ ಹೇಳ್ತಾರಮ್ಮ. ದೇವರು ಆರು ದಿನದಲ್ಲಿ ಲೋಕ ಮಾಡಿದ ಅಂತ ಬೈಬಲ್‌ನಲ್ಲಿದೆಯಲ್ಲ, ಆರು ದಿನ ಅಂದ್ರೆ ಆರೇ ದಿನ ಅನ್ನೋರಿದ್ದಾರೆ. ದೇವರ ಒಂದು ದಿನ ಅಂದ್ರೆ ನಮಗೆ ಕೋಟಿಗಟ್ಟಲೆ ವರ್ಷ ಅನ್ನೋರಿದ್ದಾರೆ. ಬೈಬಲ್‌ನ ಮೊದಲನೇ ವಾಕ್ಯಕ್ಕೂ ಎರಡನೇ ವಾಕ್ಯಕ್ಕೂ ಮಧ್ಯೆ ಎಷ್ಟೋ ಕಾಲ ಆಗಿಹೋಗಿತ್ತು ಅನ್ನೋರೂ ಇದ್ದಾರೆ."

"ನೀವೇನಂತೀರಿ?"

"ಸೂರ್ಯ ಬಂದಿದ್ದೇ ನಾಲ್ಕನೇ ದಿನ ಅಂತ ಅದರಲ್ಲಿದೆ. ಹಾಗಾದ್ರೆ ಮೊದಲ ಮೂರು ದಿನ ಯಾವ ಗಡಿಯಾರ ನೋಡಿ ಎಣಿಸೋದು? ಎಷ್ಟು ವರ್ಷ ಅನ್ನೋದನ್ನ ನಾನು ನಿಮ್ಮ ಮಿಸ್ ಹತ್ರ ಕೇಳ್ತೀನಿ. ಯಾರು ಮಾಡಿದ್ದು, ಯಾಕೆ ಮಾಡಿದ್ದು ಅನ್ನೋದನ್ನ ಬೈಬಲ್‌ನಲ್ಲಿ ಹುಡುಕ್ತೀನಿ."

"ನಮ್ಮಮ್ಮ ಇದ್ದಿದ್ರೆ ನಿಮ್ಮನ್ನ ಸುಮ್ನೆ ಬಿಡ್ತಿರಲಿಲ್ಲ," ಎಂದರು ತಾತ. ಎರಡು ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡಿತು. "ಸ್ಕೂಲ್ ಮೆಟ್ಟಿಲು ಹತ್ತಿದೋಳಲ್ಲ. ಇದೇ ಕೋಣೇಲಿ ದಿನಾ ಪೂರ್ತಿ ಹಾಳೆ ಮಡಿಸೋಳು. ಪುಟದ ನಂಬರ್ ನೋಡಿ ನೋಡೀನೇ ಅಂಕಿ ಕಲಿತಳು. ಕೂಡೋದು ಕಲಿತದ್ದು ಆದಾಮನ ಮನೆತನದೋರ ವಯಸ್ಸು ಕೂಡಿಸಿ. ನಂಗೂ ಅದನ್ನೇ ಹೇಳಿಕೊಟ್ಟಳು. ಲೋಕದ ಲೆಕ್ಕಾನೇ ಮಾಡಿದೋಳು ಸ್ವಾಮಿ ಅವಳು."

"ಆ ಲೆಕ್ಕ ತಪ್ಪು," ಎಂದಳು ಪಿಟೀಲು. ಹಾಳೆ ಬಿಡಿಸಿ ಮೇಜಿನ ಮೇಲಿಟ್ಟಳು. "ನೋಡಿ ಪಾಸ್ಟರ್. ಮುತ್ತಜ್ಜಿ ಕ್ಯಾರಿ ಮಾಡೋದನ್ನೇ ಮರೆತಿದ್ದಾರೆ. ಮೂರನೇ ಕ್ಲಾಸ್ ಮಕ್ಕಳಿಗೂ ಬರುತ್ತೆ ಅದು."

ಪಾಸ್ಟರ್ ಹಾಳೆ ನೋಡಿ, "ಭಲೇ, ಹೌದಲ್ಲ," ಎಂದು ನಕ್ಕರು. ತಾತ ನಗಲಿಲ್ಲ. ಪುಸ್ತಕಗಳ ಬೆನ್ನು ಮುಟ್ಟಿ ನೋಡಿ, ಇನ್ನೂ ಸ್ವಲ್ಪ ಹಸಿ ಇದ್ದರೂ ಕಾಗದದಲ್ಲಿ ಸುತ್ತಿ ಕೊಟ್ಟರು. ಪಾಸ್ಟರ್ ಹೊರಟರು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಇಪ್ಪತ್ತು ವರ್ಷ ಕಮ್ಮಿ," ಎಂದರು ತಾತ. "ಗೊತ್ತು ಕಣೇ."

"ಗೊತ್ತಾ? ಯಾವಾಗಿಂದ?"

"ನಂಗೆ ಹನ್ನೊಂದು ವರ್ಷ ಆದಾಗಿಂದ."

ಪಿಟೀಲು ಹಾಳೆಯನ್ನೊಮ್ಮೆ, ತಾತನನ್ನೊಮ್ಮೆ ನೋಡಿದಳು.

ತಾತ ಅಂಟಿನ ಪಾತ್ರೆಯ ಮುಚ್ಚಳ ಮುಚ್ಚಿ, ಕೈ ಒರೆಸಿಕೊಂಡು ಕೂತರು. "ಆಗ ಇಲ್ಲಿ ಹಳೇ ಪಾಸ್ಟರೊಬ್ರು ಬರೋರು. ದಿನಾ ಸಾಯಂಕಾಲ ಬಂದು ಅಮ್ಮನ ಹತ್ರ ಜಗಳ. ಒಂದೊಂದು ದಿನಾನೂ ಒಂದೊಂದು ಯುಗ ಅಂತ ಅವರು. ಹೋಗಿ ಅಯ್ಯನೋರೇ, ದಿನ ಅಂದ್ರೆ ದಿನ, ನನ್ನ ಹತ್ರ ಲೆಕ್ಕ ಇದೆ ಅಂತ ಇವಳು. ಅಂಟು ಸೀದುಹೋದ್ರೂ ಜಗಳ ನಿಲ್ತಿರಲಿಲ್ಲ. ಕೊನೆಗೆ ಅವರು, ನೀನೇ ಗೆದ್ದೆ ತಾಯಿ, ಟೀ ಕೊಡು ಅನ್ನೋರು. ಮಾರನೇ ದಿನ ಮತ್ತೆ ಹಾಜರು. ಎಷ್ಟು ಚೆನ್ನಾಗಿರೋದು ಗೊತ್ತಾ?"

"ಆಮೇಲೆ?"

"ಆಮೇಲೆ ಒಂದಿನ ನಾನು ತಪ್ಪು ಕಂಡುಹಿಡಿದೆ. ಏನು ಜಂಭ ನಂಗೆ. ಅಂಗಡಿ ತುಂಬ ಜನ ಇದ್ರು. ಪಾಸ್ಟರ್ ಇದ್ರು, ಪ್ರೆಸ್ಸಿನೋರಿದ್ರು. ಎಲ್ಲರ ಮುಂದೆ ಬೋರ್ಡ್ ಮೇಲೆ ಬರೆದಂಗೆ ಹೇಳಿದೆ, ಅಮ್ಮಂಗೆ ಕೂಡೋಕೇ ಬರಲ್ಲ ಅಂತ. ಎಲ್ರೂ ನಕ್ರು. ಅಮ್ಮನೂ ನಕ್ಕಳು. ಕನ್ನಡಕ ಹಾಕ್ಕೊಂಡು ನೋಡಿ, ಹೌದು ಮಗಾ, ಎರಡು ಬಿಟ್ಟಿದೀನಿ ಅಂದಳು." ತಾತ ಮೇಜಿನ ಮೇಲಿದ್ದ ದಾರದ ತುಂಡುಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. "ಮಾರನೇ ದಿನ ಸಾಯಂಕಾಲ ಎಂದಿನಂಗೆ ಲೆಕ್ಕ ಹೇಳಿಸ್ಕೊಳೋಕೆ ಸ್ಲೇಟ್ ತಗೊಂಡು ಹೋದೆ. ನಿಂಗೆ ನನಗಿಂತ ಚೆನ್ನಾಗಿ ಬರುತ್ತೆ, ನೀನೇ ಮಾಡ್ಕೋ ಅಂದಳು. ಆಮೇಲೆ ಯಾವತ್ತೂ ನನ್ನ ಪಕ್ಕ ಕೂತು ಲೆಕ್ಕ ಹೇಳಿಕೊಡಲಿಲ್ಲ. ಪಾಸ್ಟರ್ ಕೇಳಿದ್ರೂ, ನಂಗೇನು ಗೊತ್ತು ಅಯ್ಯನೋರೇ ಅಂದುಬಿಡೋಳು. ಅವರು ಬರೋದೂ ಕಮ್ಮಿ ಆಯ್ತು."

"ನೀನು ಸಾರಿ ಕೇಳಲಿಲ್ವಾ?"

"ಕೇಳಬಹುದಿತ್ತು. ನಾಳೆ ಕೇಳೋಣ, ನಾಳೆ ಕೇಳೋಣ ಅಂತಿದ್ದೆ."

ಪಿಟೀಲು ತನ್ನ ಹಾಳೆಯನ್ನು ಮತ್ತೆ ಮಡಿಸಿದಳು. "ಮತ್ತೆ ನಾನೂರ ಐವತ್ತು ಕೋಟಿ?"

"ಅದೂ ಗೊತ್ತು. ಕಲ್ಲಿನ ಪುಸ್ತಕ, ಮಣ್ಣಿನ ಪುಸ್ತಕ ಎಷ್ಟು ಹೊಲಿದಿಲ್ಲ ನಾನು? ಹೊಲಿದಿದ್ದನ್ನ ಓದದೇ ಇರ್ತೀನಾ?"

"ಹಾಗಾದ್ರೆ ಇದನ್ನ ಯಾಕೆ ಬರೀತೀಯ?"

"ವರ್ಷಕ್ಕೊಂದು ಕೂಡಿಸ್ತೀನಿ, ಅಷ್ಟೇ. ಅಷ್ಟು ಹೊತ್ತು ಅಮ್ಮನ ಪಕ್ಕ ಕೂತು ಲೆಕ್ಕ ಮಾಡ್ದಂಗಿರುತ್ತೆ. ನಿಂಗೆ ಅದನ್ನ ಮೊದಲೇ ಹೇಳಬೇಕಿತ್ತು. ಹೇಳದೇ ಕ್ಲಾಸಲ್ಲಿ ನಗೆಪಾಟಲು ಮಾಡಿಸಿದೆ. ನಂದೇ ತಪ್ಪು ಕಂದಾ."

ಪಿಟೀಲು ಒಳಗೆ ಓಡಿ, ಊಟಕ್ಕೆ ಅಮ್ಮ ಕರೆಯುವವರೆಗೂ ಹೊರಗೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ಅಮ್ಮ ಅವಳಿಗೆ ಹೊಸ ಫ್ರಾಕ್ ಹಾಕಿದರು. ತಾತ ತಲೆ ನೇವರಿಸಿ, "ನೂರು ಕಾಲ ಬಾಳಮ್ಮ," ಎಂದು ಕೆಲಸಕ್ಕೆ ಕೂತರು. ಕೊಟ್ಟ ಮಾತಿನಂತೆ ಡ್ರಾಯರ್ ತೆಗೆಯಲಿಲ್ಲ. ಅದರ ಕಡೆ ನೋಡಲೂ ಇಲ್ಲ. ಎದುರಿಗಿದ್ದ ಒಂದು ಪುಸ್ತಕದ ಬೆನ್ನನ್ನು ಸುಮ್ಮನೆ ಒತ್ತುತ್ತ ಕೂತಿದ್ದರು.

ಪಿಟೀಲು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ತಾನೇ ಹೋಗಿ ಡ್ರಾಯರ್ ಎಳೆದಳು. ಬೈಬಲ್ ಭಾರವಿತ್ತು. ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟಳು.

"ಬೇಡ ಅಂದಿದ್ದೆಯಲ್ಲೇ," ಎಂದರು ತಾತ.

"ನಂಗೆ ಲೆಕ್ಕ ಹೇಳಿಕೊಡು."

"ನಿಂಗೆ ಬರಲ್ವಾ? ನೀನೇ ನೆನ್ನೆ ನನಗೆ ಮಾಡಿ ತೋರಿಸಿದೆ."

"ಬರಲ್ಲ. ಮೊದಲಿಂದ ಹೇಳಿಕೊಡು. ಆದಾಮನಿಂದ."

ತಾತ ಅವಳ ಮುಖವನ್ನೇ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಪಕ್ಕದ ಸ್ಟೂಲನ್ನು ಹತ್ತಿರಕ್ಕೆ ಎಳೆದರು. ಪಿಟೀಲು ಹತ್ತಿ ಕೂತು, ನೋಟ್‌ಬುಕ್ ತೆರೆದಳು. ಒಳಗಿನಿಂದ ಅಮ್ಮ ಶಾಲೆಗೆ ಹೊತ್ತಾಯಿತೆಂದು ಕೂಗಿದರು. ಇಬ್ಬರೂ ಕೂತಲ್ಲಿಂದ ಏಳಲಿಲ್ಲ.

"ಬರಿ. ಆದಾಮ, ನೂರ ಮೂವತ್ತು," ಎಂದರು ತಾತ. "ಅವನ ಮಗ, ನೂರ ಐದು. ಎರಡೂ ಕೂಡಿಸಿದ್ರೆ ಎಷ್ಟಮ್ಮ?"

ಇನ್ನೂರ ಮೂವತ್ತೈದು. ಪಿಟೀಲುಗೆ ಅದು ಕಣ್ಣುಮುಚ್ಚಿದರೂ ಬರುತ್ತಿತ್ತು. ಆದರೆ ಅವಳು ಪೆನ್ಸಿಲನ್ನು ಬಾಯಿಗಿಟ್ಟುಕೊಂಡು, ಬೆರಳು ಮಡಿಸಿ ಎಣಿಸುತ್ತ, ತಾತ ಹೇಳಿಕೊಡಲೆಂದು ಕಾದಳು.