ಆರನೇ ನಂಬರ್ ರೂಮಿನ ಶನಿವಾರಗಳು

ಗುಂಡ್ಲುಪೇಟೆಯ ಊಟಿ ರಸ್ತೆಯ ತನ್ನ ಲಾಡ್ಜಿನಲ್ಲಿ ನಯನಾ ಆನ್‌ಲೈನ್ ಬುಕಿಂಗನ್ನೆಲ್ಲ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದಳು. ಗಿರಾಕಿ ಎದುರಿಗೆ ಬಂದು ನಿಂತ ಮೇಲಷ್ಟೇ ಪೆನ್ನು. ಹೋದ ದಸರಾ ರಜೆಯಲ್ಲಿ ಯಾವುದೋ ವೆಬ್‌ಸೈಟ್ ಒಂದೇ ರೂಮನ್ನು ಎರಡು ಸಂಸಾರಕ್ಕೆ ಮಾರಿ, ಇಬ್ಬರ ಬೈಗುಳವೂ ಅವಳ ಪಾಲಿಗೆ ಬಂದಿತ್ತು.

ಹಾಗಾಗಿ ಚಾಮರಾಜನಗರದಿಂದ ಬಂದು ಬ್ಲಾಕ್‌ಚೈನ್ ಬುಕಿಂಗ್ ಹಾಕಿಸಿಕೊಳ್ಳಿ ಎನ್ನುವ ಕಂಪನಿ ಹುಡುಗ ಸಾಗರ್‌ನ ಮೇಲೆ ಅವಳಿಗೆ ಅನುಮಾನ. ನಕ್ಕರೆ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅಷ್ಟು ಚೆಂದ ನಗುವವನನ್ನು ನಂಬುವುದಾದರೂ ಹೇಗೆ?

"ಒಂದ್ಸಲ ಬರೆದ್ರೆ ನೀವೂ ಅಳಿಸೋಕಾಗಲ್ಲ, ನಾನೂ ಅಳಿಸೋಕಾಗಲ್ಲ. ಎಲ್ಲಾ ಲಾಡ್ಜಲ್ಲೂ ಕಾಪಿ ಇರುತ್ತೆ," ಎಂದ.

"ಅಂದ್ರೆ ನಮ್ ಗಿರಾಕಿ ಯಾರು ಅಂತ ಪಕ್ಕದ ಮಹಾಲಿಂಗಣ್ಣನ ಲಾಡ್ಜಿಗೂ ಗೊತ್ತಾಯ್ತದೆ."

"ಹೆಸರು ಕಾಣಲ್ಲ, ನಂಬರ್ ಮಾತ್ರ."

ಅಪ್ಪ ನೀಲಕಂಠಸ್ವಾಮಿ, "ಒಂದ್ ತಿಂಗ್ಳು ನೋಡನ ಬುಡು ಮಗ," ಎಂದರು. ತಿಂಗಳ ಕೊನೆಗೆ ಲಾಡ್ಜ್ ಮಾಲೀಕರ ಮೀಟಿಂಗು. ನಯನಾ ಹ್ಞೂಂ ಎಂದರೆ ಮಿಕ್ಕವರೂ ಹ್ಞೂಂ. ಇಲ್ಲವಾದರೆ ಸಾಗರ್‌ನ ಕೆಲಸಕ್ಕೇ ಸಂಚಕಾರ.

ಬುಕ್ ಮಾಡಿ ಬಾರದವರನ್ನು ಅವಳು ಭಾನುವಾರ ರಿಜಿಸ್ಟರಿನಿಂದ ಅಳಿಸಿ ಮರೆಯುತ್ತಿದ್ದಳು. ಸಾಗರ್ ಕಂಪ್ಯೂಟರಿಗೆ ಹಾಕಿಕೊಟ್ಟ ಹೊಸ ಲೆಕ್ಕದಲ್ಲಿ ಮಾತ್ರ ಅವು ಹಾಗೇ ಉಳಿದಿದ್ದವು. ಮೂರು ಶನಿವಾರ, ಅದೇ ಆರನೇ ರೂಮು, ಅದೇ ಗಿರಾಕಿ ನಂಬರು. ದುಡ್ಡು ಕಟ್ಟಿದ್ದಾರೆ, ಆದರೆ ಬಂದವರಿಲ್ಲ. ಇದು ಸಾಗರ್‌ನದೇ ಕೈವಾಡ ಎನ್ನಿಸಿತು. ತಾನು ಅವನನ್ನು ಎಷ್ಟು ನಂಬತೊಡಗಿದ್ದೆ ಎಂದು ಆಗಲೇ ಅವಳಿಗೆ ತಿಳಿದದ್ದು.

ಅವನು ಬಂದ ಕೂಡಲೇ ಕೇಳಿದಳು. "ಈ ನಂಬರ್ ಯಾರ್ದು?"

ಗುಳಿ ಮಾಯವಾಯಿತು. "ನಂದೇ."

"ಬಿಸಿನೆಸ್ ಜಾಸ್ತಿ ಆಯ್ತು ಅಂತ ತೋರ್ಸಕ್ಕೆ ಸುಳ್ ಬುಕಿಂಗು."

"ಮೂರು ಶನಿವಾರನೂ ಬಂದಿದ್ದೆ. ಒಂದು ಗಂಟೆ ದಾರೀಲಿ ಮನೆ ಇಟ್ಕೊಂಡು ಇಲ್ಲಿ ಯಾಕೆ ಉಳ್ಕೋತೀರಿ ಅಂತ ನೀವು ಕೇಳಿದ್ರೆ ಏನ್ ಹೇಳ್ಲಿ? ಒಳಗೆ ಬರೋಕೆ ಧೈರ್ಯ ಸಾಲ್ದೆ ಎದುರಿನ ಟೀ ಅಂಗಡೀಲಿ ಕೂತು ವಾಪಸ್ ಹೋದೆ."

ಅವಳು ಬಾಗಿಲಿಗೆ ಹೋಗಿ ಟೀ ಅಂಗಡಿಯವನನ್ನೇ ಕೇಳಿದಳು. "ರಂಗನಾಯಕಣ್ಣ, ಇವ್ರು ಶನಿವಾರ ಬಂದಿದ್ರಾ?"

"ಪ್ರತಿ ಶನಿವಾರ ಬತ್ತರೆ ಕಣಮ್ಮಿ. ನಾಕ್ ನಾಕ್ ಟೀ ಕುಡುದು, ನಿಮ್ ಬೋರ್ಡ್ ನೋಡ್ಕಂಡು ಓಗ್ಬುಡ್ತರೆ."

ನಯನಾಳ ಕಿವಿ ಬೆಚ್ಚಗಾಯಿತು. ಒಳಗೆ ಬಂದು, ಅವನ ಮುಖ ನೋಡದೆ ಹೇಳಿದಳು: "ಮೀಟಿಂಗಲ್ಲಿ ಈ ಮೂರು ಬುಕಿಂಗ್ ವಿಷಯ ಹೇಳೇ ಹೇಳ್ತೀನಿ."

"ಹೇಳಿ. ಕೆಲಸ ಹೋದ್ರೂ ಶನಿವಾರ ಬರೋದು ಬಿಡಲ್ಲ."

"ಮಿಕ್ಕಿದ್ದೆಲ್ಲ ಸರಿಯಾಗಿತ್ತು ಅಂತಾನೂ ಹೇಳ್ತೀನಿ." ಈಗ ತಲೆಯೆತ್ತಿದಳು. "ಮುಂದಿನ ಶನಿವಾರ ರೂಮ್ ಬುಕ್ ಮಾಡ್ಬೇಡಿ. ನಿಮ್ಮಪ್ಪ ಅಮ್ಮನ್ನ ಕರ್ಕೊಂಡು ಮನೆಗೇ ಬನ್ನಿ."