ಹೊರಕೋಣೆಗೆ ಹೋದ ದಿಂಬು

ಮಗಳು ಮಾರ್ವಾ ಅಪ್ಪನ ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಮಲಗುವ ಕೋಣೆಯಿಂದ ಹೊರಬಂದಾಗ ಐಸಿಲ್ಡಾ ತಡೆಯಲಿಲ್ಲ. ಗೆಡ್ಡೆಗೆಣಸು ತುಂಬಿಡುವ ಹೊರಕೋಣೆಯಲ್ಲಿ ಆಗಲೇ ಮಂಚ ಹಾಕಿಯಾಗಿತ್ತು. ಐಸಿಲ್ಡಾಳ ಜೊತೆ ಮದುವೆಯಾಗುವ ತನಕ ಮುದುಕ ಲ್ಯಾಸೆಲ್ಸ್ ಅಲ್ಲೇ ಮಲಗಬೇಕು. ಹಾಗೆಂದವನು ಅಳಿಯ ಡಾಲ್ಟನ್. ಊರಿನ ಕ್ರೈಸ್ತ ಸಭೆಗೆ ಅವನೇ ಪಾಸ್ಟರ್. ಮದುವೆಯಿಲ್ಲದೆ ಕೂಡಿ ಬಾಳಿದವರು ಮೊದಲು ಬೇರೆಯಾಗಿ ಶುದ್ಧರಾಗಿರಬೇಕು, ಆಮೇಲೆ ಮದುವೆ, ಮರುದಿನ ನದಿಯಲ್ಲಿ ದೀಕ್ಷಾಸ್ನಾನ.

ಲ್ಯಾಸೆಲ್ಸ್ ನಕ್ಕುಬಿಟ್ಟ. "ಮೊಮ್ಮಕ್ಕಳು ಹುಟ್ಟಿದ ಮೇಲೆ ಇವಳನ್ನ ನನ್ನಿಂದ ಕಾಪಾಡೋಕೆ ಬಂದ್ಯಲ್ಲೋ ಅಳಿಯಪ್ಪಾ, ಸ್ವಲ್ಪ ತಡವಾಯ್ತು."

ಐಸಿಲ್ಡಾಗೆ ನಗು ಬರಲಿಲ್ಲ. ಮನೆ ಕಟ್ಟಿದ ಮೇಲೆ, ಮಕ್ಕಳು ದೊಡ್ಡವರಾದ ಮೇಲೆ ಎಂದು ಮದುವೆಯನ್ನು ಮುಂದೂಡುತ್ತಲೇ ಇಬ್ಬರೂ ಮುದುಕರಾಗಿದ್ದರು. ಅಷ್ಟು ವರ್ಷವೂ ಅವಳು ಕೂತದ್ದು ಸಭೆಯ ಕೊನೆಯ ಬೆಂಚಿನಲ್ಲಿ. ದೀಕ್ಷಾಸ್ನಾನ ಆದವರಿಗಷ್ಟೇ ಸಲ್ಲುವ ಕರ್ತನ ಭೋಜನದ ರೊಟ್ಟಿಯ ತಟ್ಟೆ ಅವಳ ಮುಂದೆ ನಿಲ್ಲದೆ ದಾಟಿಹೋಗುತ್ತಿತ್ತು. ಸಾಯುವ ಮುನ್ನ ಒಮ್ಮೆ ಆ ತಟ್ಟೆಗೆ ಕೈಚಾಚಬೇಕು... ಅವಳಿಗಿದ್ದದ್ದು ಅದೊಂದೇ ಆಸೆ. ಅದು ಗೊತ್ತಿದ್ದುದರಿಂದಲೇ ಲ್ಯಾಸೆಲ್ಸ್ ಮರುಮಾತಿಲ್ಲದೆ ದಿಂಬಿನ ಹಿಂದೆ ನಡೆದ.

ಅವನಿಗೆ ಉಬ್ಬಸ. ಉಸಿರಿನ ಸದ್ದು ಬದಲಾದೊಡನೆ ನಿದ್ದೆಗಣ್ಣಲ್ಲೇ ಎದ್ದು, ಅವನನ್ನು ಒರಗಿಸಿ ಕೂರಿಸಿ ಎದೆಗೆ ಬೇ ರಮ್ ಔಷಧಿ ತಿಕ್ಕುವುದು ಅವಳಿಗೆ ರೂಢಿ. ಈಗ ಆ ಉಸಿರು ಗೋಡೆಯಾಚೆ ಹೋಯಿತು.

ಮದುವೆಯ ಹಿಂದಿನ ಸಂಜೆ ಕಿಂಗ್‌ಸ್ಟನ್ನಿನ ನೆಂಟರೆಲ್ಲ ಬಂದಿಳಿದಿದ್ದರು. ಅಂಗಳದಲ್ಲಿ ಮೇಕೆ ಮಾಂಸ ಬೇಯುತ್ತಿದ್ದ ಗದ್ದಲದ ನಡುವೆ ಅವನು ಕರೆದ. "ಐಸೀ, ಬಂದು ಸ್ವಲ್ಪ ತಿಕ್ಕೇ." ಬಾಟಲಿ ಹಿಡಿದು ಅವಳು ಹೊರಕೋಣೆಯ ಹೊಸಿಲ ತನಕ ಹೋದಳು. ಮಾರ್ವಾ ಅಡ್ಡ ನಿಂತಳು.

"ಅಮ್ಮ, ಇಷ್ಟು ದಿನ ಕಾದಿದ್ದೀಯ, ಇವತ್ತೊಂದು ರಾತ್ರಿ. ಸಭೆಯವರೆಲ್ಲ ಇಲ್ಲೇ ಇದ್ದಾರೆ, ಏನಂದ್ಕೋತಾರೆ? ಕೊಡು, ನಾನು ತಿಕ್ತೀನಿ."

ಐಸಿಲ್ಡಾ ಬಾಟಲಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಮಾರ್ವಾ ನಗುತ್ತಾ ಮರಳಿದಳು. ಅಪ್ಪ ಮುಟ್ಟಲೂ ಬಿಡಲಿಲ್ಲವಂತೆ. ನಾಳೆ ಹೆಂಡತಿಯ ಕೈಯಲ್ಲೇ ತಿಕ್ಕಿಸಿಕೊಳ್ಳುತ್ತೇನೆ ಅಂದನಂತೆ. ಹೆಂಡತಿ... ಆ ಮಾತನ್ನು ಅವನು ಯಾವತ್ತೂ ಆಡಿರಲಿಲ್ಲ. ಅದನ್ನೇ ನೆನೆಯುತ್ತಾ ಮಲಗಿದವಳಿಗೆ ಗಾಢ ನಿದ್ದೆ ಬಂತು.

ಬೆಳಿಗ್ಗೆ ಕೋಕೋ ಒಯ್ದ ಮಾರ್ವಾ ಚೀರಿದಳು. ಮುದುಕ ಗೋಡೆಗೆ ಒರಗಿದಂತೆಯೇ ಹೋಗಿಬಿಟ್ಟಿದ್ದ, ತಾನಾಗಿ ಎದ್ದು ಕೂರಲು ಹೆಣಗಿದವನ ಹಾಗೆ.

ಅವನನ್ನು ನೆಟ್ಟಗೆ ಮಲಗಿಸಿ ಡಾಲ್ಟನ್ ಪ್ರಾರ್ಥಿಸಿದ. ಅವನ ಧ್ವನಿ ನಿಜವಾಗಿಯೂ ನಡುಗುತ್ತಿತ್ತು. ಆಮೇಲೆ, ಸಮಾಧಾನ ಹೇಳಬೇಕೆಂದೇ, "ದೇವರ ಚಿತ್ತ ಅಮ್ಮ. ನಿಮ್ಮ ದೀಕ್ಷಾಸ್ನಾನಕ್ಕೆ ಇನ್ನು ಯಾವ ತಡೆಯೂ ಇಲ್ಲ" ಅಂದ.

ಅಳಿಯನನ್ನು ಯಾವಾಗಲೂ ಪಾಸ್ಟರ್ ಎಂದೇ ಕರೆಯುತ್ತಿದ್ದವಳು ತಲೆಯೆತ್ತಿದಳು. "ಇವನು ತಡೆಯಾಗಿದ್ನಾ, ಡಾಲ್ಟನ್?"

ಐಸಿಲ್ಡಾ ಬಾಟಲಿಯ ಮುಚ್ಚಳ ತೆಗೆದು, ಅಂಗಿಯ ಗುಂಡಿ ಬಿಚ್ಚಿ, ತಣ್ಣಗಾದ ಎದೆಯನ್ನು ತಿಕ್ಕತೊಡಗಿದಳು. "ಬಂದೆ ಕಣೋ" ಅಂದಳು ಮೆಲ್ಲಗೆ. ಬಾಗಿಲಲ್ಲಿ ಸಭೆಯವರು ನೋಡುತ್ತಾ ನಿಂತಿದ್ದರು. ಮಾರ್ವಾ ಮಂಚದಿಂದ ಅಪ್ಪನ ದಿಂಬನ್ನು ಎತ್ತಿಕೊಂಡಳು. ಯಾರ ಮುಖವನ್ನೂ ನೋಡದೆ, ಅದನ್ನು ಒಳಗೆ ಒಯ್ದು ಅಮ್ಮನ ದಿಂಬಿನ ಪಕ್ಕದಲ್ಲಿಟ್ಟಳು.